ಮುರಿಯೋದಕ್ಕೂ ಖರ್ಚಿದೆ

ಈ ಸಲದ ಪತ್ರಗಳಲ್ಲಿ ನಾಲ್ಕು ಹೆಚ್ಚುಕಮ್ಮಿ ಒಂದೇ ವಿಷಯದವು. ಜೀವಕೋಶದೊಳಗೆ ಪ್ರೋಟೀನ್ ಹೇಗೆ ಒಡೆಯುತ್ತದೆ, ಉಸಿರಾಟಕ್ಕೂ ಅದಕ್ಕೂ ಏನು ನಂಟು ಅಂತ. ಅದಕ್ಕೇ ಒಟ್ಟಿಗೆ ಹಾಕಿದ್ದೇನೆ.

ಪ್ರಶ್ನೆ: ನಾನು ದ್ವಿತೀಯ ಪಿಯುಸಿ. ತಿಂದ ಬೇಳೆಯ ಪ್ರೋಟೀನನ್ನು ಹೊಟ್ಟೆಯಲ್ಲಿ ಕತ್ತರಿಸೋದಕ್ಕೆ ಎಟಿಪಿ (ಜೀವಕೋಶದ ಶಕ್ತಿಯ ನಾಣ್ಯ) ಬೇಕಿಲ್ಲವಂತೆ. ಜೀವಕೋಶ ತನ್ನದೇ ಪ್ರೋಟೀನ್ ಒಡೆಯೋದಕ್ಕೆ ಮಾತ್ರ ಬೇಕಂತೆ. ಕಟ್ಟೋದಕ್ಕೆ ಖರ್ಚು ಸರಿ, ಒಡೆಯೋದಕ್ಕೂ ಯಾಕೆ? (ಶಿರಸಿ)

ಉತ್ತರ: ಈ ಪ್ರಶ್ನೆ ದೊಡ್ಡ ದೊಡ್ಡವರನ್ನೇ ಕಾಡಿತ್ತು. ಎಟಿಪಿ ಸಿಗದಂತೆ ಮಾಡಿದರೆ ಜೀವಕೋಶದಲ್ಲಿ ಪ್ರೋಟೀನ್ ಒಡೆಯೋದು ನಿಂತುಹೋಗುತ್ತದೆ ಅಂತ 1953ರಲ್ಲೇ ಗೊತ್ತಾಗಿತ್ತು. ಯಾಕೆ ಅನ್ನೋದು ಗೊತ್ತಾಗೋಕೆ ಇನ್ನೂ ಇಪ್ಪತ್ತೈದು ವರ್ಷ ಹಿಡಿಯಿತು.

ಇಸ್ರೇಲಿನ ಹೈಫಾದಲ್ಲಿ ಅವ್ರಾಮ್ ಹರ್ಷ್‌ಕೊ ಮತ್ತು ಅವರ ವಿದ್ಯಾರ್ಥಿ ಆರನ್ ಚೆಕನೋವರ್ ಮೊಲದ ಎಳೆಯ ಕೆಂಪು ರಕ್ತಕಣಗಳ ರಸ ತೆಗೆದು ಎರಡು ಭಾಗ ಮಾಡಿದರು. ಬೇರೆಬೇರೆ ಇಟ್ಟರೆ ಎರಡೂ ದಂಡ. ಸೇರಿಸಿ ಎಟಿಪಿ ಹಾಕಿದರೆ ಪ್ರೋಟೀನ್ ಒಡೆಯುತ್ತದೆ. ಮೊದಲ ಭಾಗದ ತುಂಬಾ ಹಿಮೋಗ್ಲೋಬಿನ್ನೇ ಇತ್ತು, ಬೇಕಾದ್ದನ್ನು ಅದರಿಂದ ಬೇರ್ಪಡಿಸೋದು ಹೇಗೆ? ಸೀದಾ ಕುದಿಸಿಬಿಟ್ಟರು! ಹಿಮೋಗ್ಲೋಬಿನ್ ಒಡೆದ ಹಾಲಿನ ಹಾಗೆ ಗಟ್ಟಿಯಾಗಿ ಕೆಳಗೆ ಕೂತಿತು, ಮೇಲಿನ ತಿಳಿಯಲ್ಲಿ ಕೆಲಸ ಮಾಡುವ ವಸ್ತು ಹಾಗೇ ಉಳಿದಿತ್ತು. ಕುದಿಸಿದರೂ ಕೆಡದ ಆ ಪುಟ್ಟ ಪ್ರೋಟೀನೇ ಯುಬಿಕ್ವಿಟಿನ್. ಬರೀ 76 ಅಮೈನೋ ಆಮ್ಲ. ಯೀಸ್ಟಿನದಕ್ಕೂ ನಮ್ಮದಕ್ಕೂ ಮೂರೇ ಮೂರು ಕಡೆ ವ್ಯತ್ಯಾಸ.

ಅದರ ಕೆಲಸ ಕತ್ತರಿಸೋದಲ್ಲ, ಗುರುತು ಹಾಕೋದು. ರಸ್ತೆ ಅಗಲ ಮಾಡುವ ಮೊದಲು ಬದಿಯ ಮರಗಳ ತೊಗಟೆ ಕೆತ್ತಿ ಬಣ್ಣದಲ್ಲಿ ನಂಬರ್ ಬರೆದಿರುತ್ತಾರೆ, ನೋಡಿದ್ದೀರಲ್ವಾ? ನಂಬರ್ ಬಿತ್ತು ಅಂದರೆ ಆ ಮರದ ಕಥೆ ಮುಗೀತು. ಇಲ್ಲೂ ಹಾಗೇ. ಸಾಮಾನ್ಯವಾಗಿ ನಾಲ್ಕಾರು ಯುಬಿಕ್ವಿಟಿನ್ ಸರಪಳಿಯಾಗಿ ಅಂಟಿಕೊಂಡರೆ ಆ ಪ್ರೋಟೀನ್ ಪ್ರೋಟಿಯಾಸೋಮ್‌ಗೆ ಹೋಗುತ್ತದೆ. ಅದೊಂದು ಪೀಪಾಯಿ. ಕತ್ತರಿಗಳೆಲ್ಲ ಒಳಗಡೆ, ಬಾಯಿಗೆ ಮುಚ್ಚಳ. ಮುಚ್ಚಳದ ಕಡೆಯ ಯಂತ್ರ ಗುರುತು ನೋಡಿ, ಪ್ರೋಟೀನಿನ ಮಡಿಕೆ ಬಿಡಿಸಿ, ದಾರದ ಹಾಗೆ ಒಳಕ್ಕೆ ತಳ್ಳುತ್ತದೆ. ಗುರುತು ಮಾತ್ರ ಕಳಚಿ ವಾಪಸ್ ಬರುತ್ತದೆ, ಮತ್ತೆ ಬಳಸೋದಕ್ಕೆ.

ಈಗ ನಿಮ್ಮ ಖರ್ಚಿನ ಲೆಕ್ಕ. ಪ್ರತಿ ಯುಬಿಕ್ವಿಟಿನ್ ಅಂಟಿಸೋಕೆ ಎಟಿಪಿ, ಮಡಿಕೆ ಬಿಡಿಸಿ ತಳ್ಳೋಕೆ ಎಟಿಪಿ. ಕತ್ತರಿಸೋದು ಮಾತ್ರ ಇಲ್ಲೂ ಪುಕ್ಕಟೆ! ಹೊಟ್ಟೆಯಲ್ಲಿ ಸಿಕ್ಕಿದ್ದನ್ನೆಲ್ಲ ಕತ್ತರಿಸಿದರೂ ನಷ್ಟವಿಲ್ಲ. ಜೀವಕೋಶದೊಳಗೆ ಅಕ್ಕಪಕ್ಕದಲ್ಲೇ ಬೇಕಾದ ಪ್ರೋಟೀನುಗಳೂ ಇರುತ್ತವೆ, ಅಲ್ಲಿ ಆರಿಸಿ ಒಡೀಬೇಕು. ದುಡ್ಡು ಹೋಗೋದು ಆ ಆಯ್ಕೆಗೆ. ಹರ್ಷ್‌ಕೊ, ಚೆಕನೋವರ್ ಮತ್ತು ಅಮೆರಿಕದ ಅರ್ವಿನ್ ರೋಸ್‌ಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಪ್ರಶ್ನೆ: ಅಪ್ಪನಿಗೆ ಡಯಾಲಿಸಿಸ್ ನಡೆಯುತ್ತಿದೆ. ರಕ್ತ ಕಡಿಮೆ ಅಂತ ಎರಿಥ್ರೊಪೊಯೆಟಿನ್ (ಕೆಂಪು ರಕ್ತಕಣ ಹೆಚ್ಚಿಸುವ ಹಾರ್ಮೋನ್) ಇಂಜೆಕ್ಷನ್ ಕೊಡುತ್ತಿದ್ದರು. ಈಗ ಮಾತ್ರೆಯೂ ಇದೆ, ಅದು ದೇಹಕ್ಕೆ 'ಆಮ್ಲಜನಕ ಕಮ್ಮಿ' ಅಂತ ಸುಳ್ಳು ಹೇಳುತ್ತದೆ ಅಂದರು ಡಾಕ್ಟರು. ಏನು ಹಾಗಂದ್ರೆ? (ದಾವಣಗೆರೆ)

ಉತ್ತರ: ನಿಮ್ಮ ಡಾಕ್ಟರು ಚೆನ್ನಾಗಿ ಹೇಳಿದ್ದಾರೆ. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದೇ, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ನಮ್ಮ ಜೀವಕೋಶಗಳು ಎಚ್‌ಐಎಫ್ ಅನ್ನುವ ಪ್ರೋಟೀನನ್ನು ಸದಾ ತಯಾರಿಸುತ್ತಲೇ ಇರುತ್ತವೆ, ತಯಾರಾದ ಕೆಲವೇ ನಿಮಿಷದಲ್ಲಿ ಒಡೆದೂ ಹಾಕುತ್ತವೆ. ಕೇಳಿದರೆ ಹುಚ್ಚಾಟ ಅನ್ನಿಸುತ್ತದೆ. ಆದರೆ ಸಿಂಕಿನ ನಲ್ಲಿ ಬಿಟ್ಟಿದ್ದು, ಕೆಳಗಿನ ತೂತೂ ತೆರೆದಿದೆ ಅಂದುಕೊಳ್ಳಿ. ನೀರು ನಿಲ್ಲೋದಿಲ್ಲ. ತೂತಿಗೆ ಬಟ್ಟೆ ತುರುಕಿದರೆ ನೋಡನೋಡುತ್ತಲೇ ತುಂಬುತ್ತದೆ. ಹೊಸದಾಗಿ ನಲ್ಲಿ ಹಾಕಿಸುವಷ್ಟು ಹೊತ್ತು ಕಾಯಬೇಕಿಲ್ಲ.

ಇಲ್ಲಿ ತೂತನ್ನು ತೆರೆದಿಡೋದು ಆಮ್ಲಜನಕ. ಆಮ್ಲಜನಕ ಇದ್ದಾಗ ಒಂದು ಕಿಣ್ವ ಅದನ್ನೇ ಬಳಸಿ ಎಚ್‌ಐಎಫ್ ಮೇಲೆ ಚಿಕ್ಕದೊಂದು ರಾಸಾಯನಿಕ ಗುರುತು ಹಾಕುತ್ತದೆ. ಆ ಗುರುತು ನೋಡಿ ವಿಎಚ್‌ಎಲ್ ಅನ್ನುವ ಇನ್ನೊಂದು ಪ್ರೋಟೀನ್ ಹಿಡಿದುಕೊಳ್ಳುತ್ತದೆ, ಯುಬಿಕ್ವಿಟಿನ್ ಅಂಟುತ್ತದೆ. ಮುಂದಿನದು ಮೇಲೆ ಶಿರಸಿಯವರಿಗೆ ಹೇಳಿದ್ದೇ. ಆಮ್ಲಜನಕ ಕಮ್ಮಿಯಾದರೆ ಗುರುತು ಬೀಳೋದಿಲ್ಲ, ಎಚ್‌ಐಎಫ್ ಉಳಿಯುತ್ತದೆ, ಎರಿಥ್ರೊಪೊಯೆಟಿನ್ ಜೀನ್ ಎಬ್ಬಿಸುತ್ತದೆ, ಕೆಂಪು ರಕ್ತಕಣ ಜಾಸ್ತಿಯಾಗುತ್ತದೆ. ಲೇಹ್‌ನಂಥ ಎತ್ತರದ ಊರಿಗೆ ಹೋದವರ ದೇಹದಲ್ಲಿ ನಡೆಯೋದೂ ಇದೇ. ಮಾತ್ರೆ ಮಾಡೋದು ಇಷ್ಟೇ: ಗುರುತು ಹಾಕುವ ಕಿಣ್ವವನ್ನು ಅಡ್ಡಗಟ್ಟುತ್ತದೆ. ಗಾಳಿ ಚೆನ್ನಾಗಿದ್ದರೂ ಜೀವಕೋಶಕ್ಕೆ ಬೆಟ್ಟದ ಮೇಲಿದ್ದಂತೆ ಭ್ರಮೆ!

ಇದನ್ನು ಬಿಡಿಸಿದ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆಂಜಾ ಅವರಿಗೆ 2019ರ ವೈದ್ಯಕೀಯ ನೊಬೆಲ್. ಈ ಜಾತಿಯ ಡೆಸಿಡುಸ್ಟಾಟ್ ಮಾತ್ರೆಗೆ ನಮ್ಮ ದೇಶದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿದೆ. ಎಚ್‌ಐಎಫ್ ಎಬ್ಬಿಸೋದು ಎರಿಥ್ರೊಪೊಯೆಟಿನ್ ಜೀನೊಂದನ್ನೇ ಅಲ್ಲ. ಅದಕ್ಕೇ ರಕ್ತ ಹೆಪ್ಪುಗಟ್ಟಿದ ತೊಂದರೆ ಅಥವಾ ಕ್ಯಾನ್ಸರ್ ಹಿಂದೆ ಆಗಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ಅಪ್ಪನಿಗೆ ಹೊಂದುತ್ತದಾ ಅನ್ನೋದು ಅವರೇ ನೋಡಿ ಹೇಳಬೇಕು, ನಾನಲ್ಲ.

ಪ್ರಶ್ನೆ: ಸೈಟೋಕ್ರೋಮ್ ಸಿ ಉಸಿರಾಟಕ್ಕೆ ಬೇಕು, ಜೀವಕೋಶ ಸಾಯೋದಕ್ಕೂ ಅದೇ ಕಾರಣ ಅಂತ ಓದಿದೆ. ಎರಡೂ ನಿಜಾನಾ? (ಮೈಸೂರು)

ಉತ್ತರ: ಎರಡೂ ನಿಜ. ಒಳಗಿದ್ದರೆ ಕೂಲಿ, ಹೊರಗೆ ಬಂದರೆ ಯಮದೂತ. ಜೀವಕೋಶಕ್ಕೆ ಎಟಿಪಿ ತಯಾರಿಸಿ ಕೊಡುವ ಮೈಟೊಕಾಂಡ್ರಿಯದ ಎರಡು ಪೊರೆಗಳ ನಡುವೆ ಓಡಾಡಿಕೊಂಡು ಒಂದೊಂದೇ ಎಲೆಕ್ಟ್ರಾನ್ ಹೊತ್ತು ಮುಂದಿನ ಕಿಣ್ವಕ್ಕೆ ಮುಟ್ಟಿಸೋದು ಈ ಪ್ರೋಟೀನಿನ ದಿನದ ಕೆಲಸ. ಆ ಮುಂದಿನ ಕಿಣ್ವವನ್ನೇ ಸಯನೈಡ್ ಹಿಡಿಯೋದು. ರಕ್ತದಲ್ಲಿ ಆಮ್ಲಜನಕ ಇದ್ದರೂ ಆಗ ಬಳಸೋಕೆ ಬರೋದಿಲ್ಲ.

ಕೇಂಬ್ರಿಜ್‌ನ ಡೇವಿಡ್ ಕೀಲಿನ್ 1925ರಲ್ಲಿ ಸೈಟೋಕ್ರೋಮ್‌ಗಳ ಬಗ್ಗೆ ಬರೆದರು. ಯೀಸ್ಟ್ ಕಲಸಿದ ನೀರಿನ ಮೂಲಕ ಬೆಳಕು ಹಾಯಿಸಿ ನೋಡಿದರೆ ಕಪ್ಪು ಪಟ್ಟೆಗಳು ಕಾಣುತ್ತಿದ್ದವು. ಗಾಳಿ ಸೇರುವಂತೆ ಚೆನ್ನಾಗಿ ಅಲ್ಲಾಡಿಸಿದರೆ ಮಾಯ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಪ್ರತ್ಯಕ್ಷ. ಉಸಿರಾಟವನ್ನು ಕಣ್ಣಲ್ಲೇ ನೋಡಿದ ಹಾಗೆ! ಸೈಟೋಕ್ರೋಮ್ ಸಿ ಮೈಟೊಕಾಂಡ್ರಿಯದಿಂದ ಆಚೆ ಸೋರಿದರೆ ಜೀವಕೋಶದ ಸಾವಿಗೆ ಚಾಲನೆ ಅನ್ನೋದು ಗೊತ್ತಾಗಿದ್ದು ಬಹಳ ತಡವಾಗಿ, 1996ರಲ್ಲಿ. ಆಗ ಎಚ್ಚರಗೊಳ್ಳುವ ಕ್ಯಾಸ್ಪೇಸ್ ಅನ್ನುವ ಕಿಣ್ವಗಳು ಒಳಗಿನ ಪ್ರೋಟೀನುಗಳನ್ನು ಕತ್ತರಿಸುತ್ತಾ ಹೋಗುತ್ತವೆ.

ಪ್ರಶ್ನೆ: 72 ಗಂಟೆ ಉಪವಾಸ ಮಾಡಿದರೆ ದೇಹ ಕೆಟ್ಟ ಪ್ರೋಟೀನನ್ನೆಲ್ಲ ತಿಂದು ಹಾಕುತ್ತದೆ, ಇದಕ್ಕೇ ನೊಬೆಲ್ ಬಂದಿದೆ ಅಂತ ವಾಟ್ಸಾಪ್‌ನಲ್ಲಿ ಬಂತು. ಶುಗರ್ ಮಾತ್ರೆ ತಗೊಳ್ಳುವ ನಮ್ಮ ಭಾವ ಶುರು ಮಾಡ್ತೀನಿ ಅಂತ ಕೂತಿದ್ದಾರೆ. (ಹುಬ್ಬಳ್ಳಿ)

ಉತ್ತರ: ನೊಬೆಲ್ ಬಂದಿದ್ದು ನಿಜ, 2016ರಲ್ಲಿ, ಜಪಾನಿನ ಯೋಶಿನೋರಿ ಓಸುಮಿ ಅವರಿಗೆ. ಆದರೆ ಅವರು ಉಪವಾಸ ಕೆಡವಿದ್ದು ಯೀಸ್ಟನ್ನು! ಜೀವಕೋಶ ತನ್ನದೇ ಸಾಮಾನನ್ನು ಚೀಲದಲ್ಲಿ ಕಟ್ಟಿ ಕರಗಿಸುವ ಆಟೊಫೇಜಿಗೆ ಯಾವ ಜೀನ್‌ಗಳು ಬೇಕು ಅಂತ ಹುಡುಕಿದರು. ಹಸಿವಾದಾಗ ಅದು ಜಾಸ್ತಿ ಆಗೋದು ಹೌದು, ಊಟ ಮಾಡಿದ ದಿನವೂ ಅಷ್ಟಿಷ್ಟು ನಡೆಯುತ್ತದೆ. 72 ಗಂಟೆ ಅನ್ನೋ ಲೆಕ್ಕ ಮಾತ್ರ ಆ ಕೆಲಸದಲ್ಲಿ ಇಲ್ಲ. ಶುಗರ್ ಮಾತ್ರೆ ನುಂಗಿ ಮೂರು ದಿನ ಹೊಟ್ಟೆ ಖಾಲಿ ಬಿಟ್ಟರೆ ಸಕ್ಕರೆ ಇಳಿದು ಎಲ್ಲಾದರೂ ಬಿದ್ದುಹೋದಾರು. ಭಾವನವರನ್ನು ಮೊದಲು ಅವರ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ವಾಟ್ಸಾಪ್ ಮೆಸೇಜನ್ನೂ ತೋರಿಸಿ.