ಆಟದ ಪೀರಿಯಡ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಕೇಂದ್ರ ಸರ್ಕಾರದ ಕ್ರೀಡಾ ಯೋಜನೆ ಖೇಲೋ ಇಂಡಿಯಾದ ಮೊದಲ ಶಾಲಾ ಕ್ರೀಡಾಕೂಟ ದಿಲ್ಲಿಯಲ್ಲಿ ನಡೆದದ್ದು 2018ರ ಆರಂಭದಲ್ಲಿ. ದೇಹ ಗಟ್ಟಿಯಾಗಿಟ್ಟುಕೊಳ್ಳಿ ಎನ್ನುವ ಅದೇ ಸರ್ಕಾರದ ಆಂದೋಲನ ಫಿಟ್ ಇಂಡಿಯಾ ಶುರುವಾದದ್ದು 2019ರ ಆಗಸ್ಟ್ 29ಕ್ಕೆ. ಈಗ ಎರಡೂ ಸುತ್ತೋಲೆಯಾಗಿ ನಮ್ಮ ಧಾರವಾಡ, ಗದಗ, ಹಾವೇರಿ ಜಿಲ್ಲೆಯ ಹಳ್ಳಿ ಶಾಲೆಗಳ ಮೇಜಿನ ಮೇಲೆ ಬಂದು ಕೂತಿವೆ. ಆ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ನಮ್ಮದು 1ರಿಂದ 8ರವರೆಗಿನ ಸರ್ಕಾರಿ ಶಾಲೆ. ಖೇಲೋ ಇಂಡಿಯಾ ಆ್ಯಪ್‌ನಲ್ಲಿ ಎಲ್ಲ ಮಕ್ಕಳ ದೈಹಿಕ ಸಾಮರ್ಥ್ಯ ಪರೀಕ್ಷೆಯ ಅಂಕಿ ತುಂಬಿ ಎಂದಿದ್ದಾರೆ. ಏನೇನು ಬೇಕು, ಎಲ್ಲಿ ತಪ್ಪಾಗುತ್ತದೆ?
— ಮುಖ್ಯಶಿಕ್ಷಕಿ, ರೋಣ ತಾಲೂಕು

ಸಾಮಾನು ಹೆಚ್ಚೇನೂ ಬೇಡ, ಅಳತೆಯಲ್ಲಿ ಶಿಸ್ತು ಬೇಕು. 1ರಿಂದ 3ನೇ ತರಗತಿಗೆ ಮೂರೇ ಪರೀಕ್ಷೆ: ಎತ್ತರ-ತೂಕದಿಂದ ಬಿಎಂಐ (ಎತ್ತರಕ್ಕೆ ತಕ್ಕ ತೂಕವಿದೆಯೇ ಎಂಬ ಅಳತೆ), ಒಂಟಿಗಾಲಿನಲ್ಲಿ ನಿಲ್ಲುವ ಫ್ಲೆಮಿಂಗೊ, ಕೈಚುರುಕು ನೋಡುವ ಪ್ಲೇಟ್ ಟ್ಯಾಪಿಂಗ್. 4ನೇ ತರಗತಿಯಿಂದ ಮೇಲೆ ಬಿಎಂಐ ಜೊತೆಗೆ 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕುಳಿತು ಮುಂದಕ್ಕೆ ಬಾಗುವುದು, 30 ಸೆಕೆಂಡಿನ ಕರ್ಲ್-ಅಪ್ (ಅಂಗಾತ ಮಲಗಿ ತಲೆ, ಹೆಗಲು ಮೇಲೆತ್ತುವುದು) ಮತ್ತು ಪುಷ್-ಅಪ್. ಹುಡುಗಿಯರಿಗೆ ಮೊಣಕಾಲೂರಿದ ಪುಷ್-ಅಪ್.

ಫ್ಲೆಮಿಂಗೊಕ್ಕೆ ಊರ ಬಡಿಗೇರರಿಂದ 50 ಸೆಂ.ಮೀ. ಉದ್ದ, 5 ಸೆಂ.ಮೀ. ಎತ್ತರ, 3 ಸೆಂ.ಮೀ. ಅಗಲದ ಒಂದು ಪಟ್ಟಿ ಮಾಡಿಸಿ. ಉರುಳದಂತೆ ಎರಡೂ ತುದಿಗೆ 15 ಸೆಂ.ಮೀ.ನ ಅಡ್ಡ ತುಂಡು ಹೊಡೆಸಿ. ಪಾಲಿಶ್ ಬೇಡ, ಕಾಲು ಜಾರುತ್ತದೆ. ಮಗು ಒಂದು ಕಾಲ ಮೇಲೆ ನಿಂತು ಇನ್ನೊಂದು ಪಾದವನ್ನು ಹಿಂದೆ ಹಿಡಿಯಬೇಕು. ಬಹಳ ಶಾಲೆಗಳಲ್ಲಿ ತಪ್ಪುವುದು ಇಲ್ಲೇ: ಮಗು ಕಾಲು ಊರಿದರೂ ಗಡಿಯಾರ ಓಡುತ್ತಲೇ ಇರುತ್ತದೆ. ಹಾಗಲ್ಲ, ಪ್ರತಿ ಸಲ ಬಿದ್ದಾಗ ಸ್ಟಾಪ್‌ವಾಚ್ ನಿಲ್ಲಿಸಬೇಕು, ಮತ್ತೆ ನಿಂತಾಗ ಮುಂದುವರಿಸಬೇಕು. ಹೀಗೆ ನಿಂತ ಸಮಯವೇ 60 ಸೆಕೆಂಡ್ ಆಗುವಷ್ಟರಲ್ಲಿ ಎಷ್ಟು ಸಲ ಬಿತ್ತು ಎಂಬುದೇ ಅಂಕ. ಮೊದಲ 30 ಸೆಕೆಂಡಿನಲ್ಲಿ 15ಕ್ಕಿಂತ ಹೆಚ್ಚು ಸಲ ಬಿದ್ದರೆ ಅಲ್ಲಿಗೇ ಬಿಡಿ, ಅಂಕ ಸೊನ್ನೆ.

ಪ್ಲೇಟ್ ಟ್ಯಾಪಿಂಗಿಗೆ ಮಗುವಿನ ಸೊಂಟದೆತ್ತರದ ಮೇಜಿನ ಮೇಲೆ 20 ಸೆಂ.ಮೀ. ವ್ಯಾಸದ ಎರಡು ರಟ್ಟಿನ ಬಿಲ್ಲೆ ಅಂಟಿಸಿ, ನಡುಬಿಂದುವಿನಿಂದ ನಡುಬಿಂದುವಿಗೆ 60 ಸೆಂ.ಮೀ. ಮಧ್ಯೆ 30×20 ಸೆಂ.ಮೀ.ನ ಒಂದು ಆಯತ. ರೂಢಿಯಿಲ್ಲದ ಕೈ ಆಯತದ ಮೇಲೇ ಇರಬೇಕು. ಇನ್ನೊಂದು ಕೈ ಅದನ್ನು ದಾಟಿ ಅತ್ತಿತ್ತ 25 ಸುತ್ತು, ಅಂದರೆ 50 ಸಲ ತಟ್ಟಬೇಕು. ಎಡಗೈ ರೂಢಿಯ ಮಕ್ಕಳಿಗೆ ಬಲಗೈಯಲ್ಲಿ ಮಾಡು ಎನ್ನಬೇಡಿ.

50 ಮೀಟರ್ ಓಟಕ್ಕೆ 50 ಮೀಟರ್ ಜಾಗ ಸಾಲದು. ಗೆರೆ ದಾಟಿದ ಮೇಲೆ ಓಟ ಇಳಿಸಲು ಇನ್ನೂ 15-20 ಮೀಟರ್ ಬೇಕು, ಇಲ್ಲವಾದರೆ ಕಾಂಪೌಂಡ್ ಗೋಡೆ ಕಂಡ ಮಗು ಕೊನೆಯ ಹತ್ತು ಮೀಟರ್ ಇದ್ದಾಗಲೇ ನಿಧಾನ ಮಾಡುತ್ತದೆ. ಓಡಿಸುವವರು ಸೀಟಿ ಊದುವಾಗಲೇ ಕೈಯಲ್ಲಿನ ಕರ್ಚೀಫ್ ಕೆಳಗಿಳಿಸಲಿ. ಗಡಿಯಾರ ಹಿಡಿದವರು ಕರ್ಚೀಫ್ ನೋಡಿ ಒತ್ತಲಿ, ಸೀಟಿ ಕೇಳಿ ಅಲ್ಲ. ಸದ್ದು 50 ಮೀಟರ್ ದಾಟಲು ಸುಮಾರು 0.15 ಸೆಕೆಂಡ್ ಬೇಕು. ಓಟವೇ ಎಂಟು-ಹತ್ತು ಸೆಕೆಂಡಿನದ್ದು, ಆ 0.15 ಸಣ್ಣದಲ್ಲ.

600 ಮೀಟರಿಗೆ 200 ಮೀಟರ್ ಟ್ರ್ಯಾಕ್ ಇಲ್ಲವೆಂದು ಕೈಬಿಡಬೇಡಿ. ಅರ್ಧ ಎಕರೆ ಒಳಗೆ 150 ಮೀಟರಿನ ಸುತ್ತು ಕೂರುತ್ತದೆ. 35 ಮೀಟರ್ ಅಂತರದಲ್ಲಿ ಎರಡು ಗೂಟ ಬಡಿಯಿರಿ. ಪ್ರತಿ ಗೂಟದಿಂದ 12.53 ಮೀಟರ್ ತ್ರಿಜ್ಯದ ಅರ್ಧವೃತ್ತ ಎಳೆಯಿರಿ, ಅವುಗಳ ತುದಿಗಳನ್ನು 35 ಮೀಟರಿನ ಎರಡು ನೇರ ಗೆರೆಗಳಿಂದ ಕೂಡಿಸಿ. ಮಗು ಸುಣ್ಣದ ಗೆರೆಯಿಂದ 20 ಸೆಂ.ಮೀ. ಹೊರಗೆ ಓಡುತ್ತದೆ ಎಂದು ಹಿಡಿದಾಗ ತ್ರಿಜ್ಯ 12.73, ಒಂದು ಸುತ್ತು ಸರಿಯಾಗಿ 150. ನಾಲ್ಕು ಸುತ್ತಿಗೆ 600. ಒಂದು ಲೇನ್ ಸೇರಿ ಜಾಗ ಸುಮಾರು 63×28 ಮೀಟರ್, ಹದಿನೇಳೂವರೆ ಗುಂಟೆ. ಮೂಲೆ ನೇರವಾಗಿದೆಯೇ ಎಂದು ನೋಡಲು ಒಂದು ಬದಿಗೆ 6, ಇನ್ನೊಂದಕ್ಕೆ 8 ಮೀಟರ್ ಅಳೆದರೆ ಕರ್ಣ 10 ಬರಬೇಕು. ಅರ್ಧವೃತ್ತಕ್ಕೆ ನೈಲಾನ್ ಹಗ್ಗ ಬಳಸಬೇಡಿ, ಎಳೆದಷ್ಟೂ ಹಿಗ್ಗುತ್ತದೆ. ಬೈಂಡಿಂಗ್ ತಂತಿಯಾದರೆ ಸರಿ. ಸುಣ್ಣದ ಹರಳು ಮುಟ್ಟಬೇಡಿ, ಅರಳಿದ ಪುಡಿಯನ್ನೇ ತನ್ನಿ, ಅದನ್ನೂ ಮಕ್ಕಳ ಕೈಯಿಂದ ಹಾಕಿಸಬೇಡಿ. ಕಣ್ಣಿಗೆ ಬಿದ್ದರೆ ಸುಡುತ್ತದೆ.

ಒಂದು ಸಲಕ್ಕೆ ಎಂಟು-ಹತ್ತು ಮಕ್ಕಳಷ್ಟೇ ಓಡಲಿ, ಪ್ರತಿ ಮಗುವಿನ ಸುತ್ತು ಎಣಿಸಲು ಇನ್ನೊಂದು ಮಗು ಇರಲಿ. ನಡೆದರೂ ನಡೆಯುತ್ತದೆ ಎಂದು ಮೊದಲೇ ಹೇಳಿ. ಶನಿವಾರದ ಬೆಳಗಿನ ಶಾಲೆ ಇದಕ್ಕೆ ಹೇಳಿ ಮಾಡಿಸಿದ ಹೊತ್ತು. ಬಿಸಿಯೂಟ ಆದ ಕೂಡಲೇ ಬೇಡ, ಮಾರ್ಚ್ ಬಿಸಿಲಲ್ಲಂತೂ ಬೇಡವೇ ಬೇಡ. ಓಡಿದರೆ ಎದೆ ನೋವು, ತಲೆಸುತ್ತು ಎನ್ನುವ ಮಗುವನ್ನು ವೈದ್ಯರು ನೋಡುವವರೆಗೆ ಓಡಿಸಬೇಡಿ. ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಹೆಸರು ಬರೆಸಿ.

ಕರ್ಲ್-ಅಪ್‌ಗೆ ಮ್ಯಾಟ್ ಇಲ್ಲವಾದರೆ ಮನೆಯ ದಪ್ಪ ಗುಡಾರ (ಜಮಖಾನೆ) ಸಾಕು. ಇನ್ನೊಂದು ಮಾತು: ಒಂದೇ ದಿನ ಎಲ್ಲ ಮುಗಿಸುವ ಹಟಕ್ಕೆ ಬಿದ್ದವರ ಅಂಕಿಗಳನ್ನು ನೋಡಿದರೆ ಗೊತ್ತಾಗಿಬಿಡುತ್ತದೆ. ಕೊನೆಯ ಇಪ್ಪತ್ತು ಮಕ್ಕಳ ಓಟದ ಸಮಯ ಒಂದೇ ತೆರನಾಗಿರುತ್ತದೆ!

ಪ್ರಶ್ನೆ: ಸಾಲಿ ಕೊಟ್ಟ ಚೀಟ್ಯಾಗ ನನ್ನ ಮಗಂದು ಬಿಎಂಐ 16 ಅಂತ ಐತಿ. 18.5ಕ್ಕಿಂತ ಕಡಿಮಿ ಇದ್ರ ಅಪೌಷ್ಟಿಕ ಅಂತ ಮೊಬೈಲ್‌ನ್ಯಾಗ ನೋಡಿದೆ. ಹೆದರಿಕಿ ಆಗೈತ್ರಿ.
— ಪಾಲಕರು, ಗದಗ-ಬೆಟಗೇರಿ

18.5 ಎನ್ನುವುದು ದೊಡ್ಡವರ ಅಳತೆ. 28 ಕೆ.ಜಿ. ತೂಕ, 1.32 ಮೀಟರ್ ಎತ್ತರದ ಹತ್ತು ವರ್ಷದ ಹುಡುಗನ ಬಿಎಂಐ 16.1 ಬರುತ್ತದೆ, ಅದು ಸಹಜ. ಮಕ್ಕಳ ಬಿಎಂಐಯನ್ನು ಅವರವರ ವಯಸ್ಸು, ಗಂಡೋ ಹೆಣ್ಣೋ ನೋಡಿಯೇ ಅಳೆಯಬೇಕು. ಶಿಕ್ಷಕರಿಗೂ ಒಂದು ವಿನಂತಿ: ತೂಕವನ್ನು ತರಗತಿಯ ಮುಂದೆ ಕೂಗಿ ಹೇಳಬೇಡಿ. ತಕ್ಕಡಿ ಯಂತ್ರವನ್ನು ಗುಡಾರದ ಮೇಲೆ ಇಡದೆ ಗಟ್ಟಿ ನೆಲದ ಮೇಲಿಡಿ.

ಪ್ರಶ್ನೆ: ನಮ್ಮ ಸಾಲಿ ಮೈದಾನ ಎರಿ ಭೂಮಿ. ಮಳಿ ಬಂದ್ರ ಕಾಲು ಹುಗೀತಾವ, ಬ್ಯಾಸಿಗ್ಯಾಗ ಬಿರುಕು. ಗರಸು ಹಾಕ್ಸಿದ್ವಿ, ಎರಡು ಮಳಿಗಾಲಕ್ಕ ನೆಲ ನುಂಗಿಬಿಟ್ಟೈತಿ. ಏನ್ ಮಾಡೂದ್ರಿ?
— ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು, ನವಲಗುಂದ ತಾಲೂಕು

ಗರಸಿನ ತಪ್ಪಲ್ಲ, ನೀರಿನ ತಪ್ಪು. ಎರೆಮಣ್ಣಿನ ಜಿಗುಟು ಕಣ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಸೀಳುತ್ತದೆ. ಅದರ ಮೇಲೆ ಗರಸು ಸುರಿದು ಬಿಟ್ಟರೆ ಕೆಸರು ಮೇಲೆ ಬರುತ್ತದೆ, ಗರಸು ಕೆಳಗೆ ಇಳಿಯುತ್ತದೆ. ಅದಕ್ಕೇ ಮೊದಲು ನೀರಿಗೆ ದಾರಿ ಮಾಡಿ: ಆಡುವ ಅಂಕಣದ ಸುತ್ತ ಒಂದೂವರೆ ಅಡಿ ಆಳದ ಕಾಲುವೆ, ನೂರು ಅಡಿಗೆ ಒಂದು ಅಡಿ ಇಳಿಜಾರು.

ಇಡೀ ಮೈದಾನಕ್ಕೆ ಕೈ ಹಾಕಬೇಡಿ. ಒಂದೇ ಒಂದು ಖೋ-ಖೋ ಅಂಕಣ ಗಟ್ಟಿ ಮಾಡಿ. ಅದರಲ್ಲೇ ಕಬಡ್ಡಿ, ವಾಲಿಬಾಲ್ ಗೆರೆಯೂ ಕೂರುತ್ತದೆ. ಅಂಕಣ 27×16 ಮೀಟರ್, ಸುತ್ತ ಒಂದೂವರೆ ಮೀಟರ್ ಬಿಟ್ಟರೆ 30×19. ಮಳೆಗಾಲ ಮುಗಿದು ನೆಲ ಆರಿದ ಮೇಲೆ ಹುಲ್ಲು ಸಮೇತ ಮೇಲಿನ ಮಣ್ಣು ಕೆತ್ತಿ ತೆಗೆಯಿರಿ, ಬಿರುಕು ಇದ್ದರೆ ಮರಳು ಮಿಶ್ರಿತ ಗರಸು ತುಂಬಿ. ಗಟ್ಟಿಯಾದ ಮೇಲೆ 15 ಸೆಂ.ಮೀ. ಉಳಿಯುವಂತೆ ಎರಡು ಪದರ ಹಾಕಿ, ಪ್ರತಿ ಪದರಕ್ಕೂ ನೀರು ಹೊಡೆದು ರೋಲರ್ ಓಡಿಸಿ. ಒಟ್ಟಿಗೆ ಸುರಿದು ಮೇಲೊಮ್ಮೆ ಉರುಳಿಸಿದರೆ ಅಡಿಭಾಗ ಹುಡಿಯಾಗಿಯೇ ಉಳಿಯುತ್ತದೆ. ಲೆಕ್ಕ ಹೀಗಿದೆ: ಗಟ್ಟಿಯಾದದ್ದು 85 ಘನ ಮೀಟರ್, ಸಡಿಲ ಗರಸು ಅದಕ್ಕಿಂತ ಕಾಲು ಪಾಲು ಹೆಚ್ಚು, ಹತ್ತಿರ ಹತ್ತಿರ 38 ಬ್ರಾಸ್ (ಒಂದು ಬ್ರಾಸ್ ಅಂದರೆ 100 ಘನ ಅಡಿ). ಕಡಿಮೆ ತಂದು ತೆಳ್ಳಗೆ ಹರಡಿದರೆ ಹೋದ ಸಲದ ಕಥೆಯೇ ಮತ್ತೆ.

ಖೋ-ಖೋ ಕಂಬ ನೆಲದಿಂದ 1.20ರಿಂದ 1.25 ಮೀಟರ್ ಎತ್ತರವಿರಬೇಕು. ಕುಣಿಯನ್ನು ಎರಡೂವರೆ ಅಡಿ ತೋಡಿ, ಕಲ್ಲು ಮತ್ತು ಗರಸು ಕುಟ್ಟಿ ನಿಲ್ಲಿಸಿ. ತೆಗೆದ ಎರೆಮಣ್ಣನ್ನೇ ಮತ್ತೆ ತುಂಬಿದರೆ ಬೇಸಿಗೆಯಲ್ಲಿ ಮಣ್ಣು ಕುಗ್ಗಿ ಕಂಬ ಅಲುಗಾಡುತ್ತದೆ, ಓಡಿ ಬಂದು ಹಿಡಿದ ಹುಡುಗ ಅದರೊಡನೆ ಬೀಳುತ್ತಾನೆ. ದುಡ್ಡಿನ ಮಾತಿಗೆ ಬಂದರೆ, ಉದ್ಯೋಗ ಖಾತ್ರಿಯಲ್ಲಿ ಶಾಲಾ ಆಟದ ಮೈದಾನದ ಕಾಮಗಾರಿಗಳು ನಮ್ಮ ರಾಜ್ಯದಲ್ಲಿ ಆಗಿವೆ. ಗ್ರಾಮಸಭೆಯಲ್ಲಿ ಬೇಡಿಕೆ ಬರೆಸಿ, ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ ಸೇರಿಸಿ. ಬಾಯಿಮಾತಿನಲ್ಲಿ ಅಧ್ಯಕ್ಷರಿಗೆ ಹೇಳಿ ಬಂದರೆ ಅದು ಅಲ್ಲಿಗೇ ಉಳಿಯುತ್ತದೆ.

ಪ್ರಶ್ನೆ: ನಮ್ಮಲ್ಲಿ ದೈಹಿಕ ಶಿಕ್ಷಣ ಶಿಕ್ಷಕರ ಹುದ್ದೆ ಖಾಲಿ. ಆಟದ ಪೀರಿಯಡ್ ನನ್ನ ಮೇಲಿದೆ, ನಾನು ಸಮಾಜ ವಿಜ್ಞಾನದವನು. 48 ಮಕ್ಕಳು. ಒಂದು ವಾಲಿಬಾಲ್ ಕೊಟ್ಟು ಬಿಡುತ್ತೇನೆ. ಅನುದಾನದಲ್ಲಿ ಏನು ಕೊಳ್ಳಲಿ?
— ಶಿಕ್ಷಕರು, ಹಿರೇಕೆರೂರು

ಒಂದು ಚೆಂಡು ಕೊಟ್ಟರೆ ಆಡುವವರು ಹನ್ನೆರಡು, ಕಟ್ಟೆಯ ಮೇಲೆ ಕೂರುವವರು ಮೂವತ್ತಾರು. ಕೂರುವವರಲ್ಲಿ ಹೆಚ್ಚಿನವರು ಹುಡುಗಿಯರೇ, ಎಣಿಸಿ ನೋಡಿ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಟ್ಟೆಯ ಮೇಲೆ ಕೂತು ಚಪ್ಪಾಳೆ ತಟ್ಟಿದ್ದು ಅದರಲ್ಲಿ ಲೆಕ್ಕಕ್ಕಿಲ್ಲ.

ಮಕ್ಕಳನ್ನು 12ರಂತೆ ನಾಲ್ಕು ಗುಂಪು ಮಾಡಿ. 40 ನಿಮಿಷದಲ್ಲಿ ಮೊದಲ 5 ನಿಮಿಷ ಮೈ ಬಿಸಿ ಮಾಡಲು, ನಂತರ ನಾಲ್ಕು ಮೂಲೆಯಲ್ಲಿ ತಲಾ 7 ನಿಮಿಷದ ಆಟ, ಬದಲಾವಣೆಗೆ ಒಂದೊಂದು ನಿಮಿಷ, ಕೊನೆಯ 4 ನಿಮಿಷ ನಡೆದು ಮೈ ಸಡಿಲಿಸಲು. ಒಂದು ಮೂಲೆಯಲ್ಲಿ ಹಗ್ಗದಾಟ, ಒಂದರಲ್ಲಿ ಚೆಂಡು ಹಿಡಿಯುವುದು-ಎಸೆಯುವುದು, ಒಂದರಲ್ಲಿ ರಿಂಗ್, ಒಂದರಲ್ಲಿ ಬರೀ ಓಟದ ಆಟ: ಮುಟ್ಟಾಟ, ರಿಲೇ, ಸಣ್ಣ ಖೋ-ಖೋ. ನೀವು ಎಲ್ಲರೂ ಕಾಣುವ ಹಾಗೆ ಅಂಚಿನಲ್ಲಿ ನಿಲ್ಲಿ. ನಡುವೆ ನಿಂತರೆ ಅರ್ಧ ಮಕ್ಕಳು ಬೆನ್ನ ಹಿಂದೆ. ಮೊದಲೆರಡು ವಾರ ಗದ್ದಲ, ಗೊಂದಲ ಇದ್ದೇ ಇರುತ್ತದೆ. ಹಳೇ ಪದ್ಧತಿಗೆ ಮರಳಬೇಡಿ.

ಸಮಗ್ರ ಶಿಕ್ಷಣ ಯೋಜನೆಯ ಕ್ರೀಡಾ ಅನುದಾನ ಕಿರಿಯ ಪ್ರಾಥಮಿಕಕ್ಕೆ ವರ್ಷಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000 ರೂಪಾಯಿವರೆಗೆ. ಕೇರಂ ಬೋರ್ಡಿನಿಂದ ಶುರು ಮಾಡಬೇಡಿ. ನಾಲ್ಕು ಜನಕ್ಕೆ ಒಂದು, ಅದೂ ಕೂತು. ಮೊದಲು 12 ರಬ್ಬರ್ ಚೆಂಡು, 8 ರಿಂಗ್, 20 ಕೋನ್, 30 ಮೀಟರ್ ಟೇಪ್, 2 ಸ್ಟಾಪ್‌ವಾಚ್, 2 ವಾಲಿಬಾಲ್, ಸೂಜಿಗಳ ಸಮೇತ ಒಂದು ಪಂಪ್. ಸ್ಕಿಪ್ಪಿಂಗ್ ಹಗ್ಗವನ್ನು ರೆಡಿಮೇಡ್ ತರದೆ ಸಂತೆಯಲ್ಲಿ ಹತ್ತಿ ಹಗ್ಗ ಮೊಳದ ಲೆಕ್ಕದಲ್ಲಿ ಕೊಳ್ಳಿ. ಮಗು ನಡುವೆ ತುಳಿದು ನಿಂತಾಗ ಎರಡೂ ತುದಿ ಕಂಕುಳಿಗೆ ಬಂದರೆ ಅಳತೆ ಸರಿ.

ವಾಲಿಬಾಲ್ ಬೇಗ ಹಾಳಾಗುವುದು ಹೊಡೆತದಿಂದಲ್ಲ. ಒಣ ಸೂಜಿ ಚುಚ್ಚಿದರೆ ವಾಲ್ವ್ ಹರಿಯುತ್ತದೆ, ಸೂಜಿಗೆ ಒಂದು ಹನಿ ಗ್ಲಿಸರಿನ್ ಹಚ್ಚಿ. ಸೈಕಲ್ ಅಂಗಡಿಯ ಕಂಪ್ರೆಸರ್‌ನಲ್ಲಿ ಗಾಳಿ ತುಂಬಿಸಿದರೆ ಹೊಲಿಗೆ ಬಿಡುತ್ತದೆ. ಅದಕ್ಕೆ ಬೇಕಾದದ್ದು ಚದರ ಸೆಂ.ಮೀ.ಗೆ 0.30ರಿಂದ 0.325 ಕೆ.ಜಿ. ಒತ್ತಡ ಮಾತ್ರ, ಹೆಬ್ಬೆರಳಿನಿಂದ ಒತ್ತಿದರೆ ಕೊಂಚ ತಗ್ಗಬೇಕು. ಇನ್ನು ಮೈದಾನದ ಅಂಚಿನ ಬಳ್ಳಾರಿ ಜಾಲಿ. ಕಡಿದು ಅಲ್ಲೇ ಬಿಟ್ಟರೆ ಒಣಮುಳ್ಳು ಹಸಿಮುಳ್ಳಿಗಿಂತ ಕೆಟ್ಟದ್ದು, ಚೆಂಡಿಗೂ ಬರಿಗಾಲಿಗೂ. ಬೇರು ಸಮೇತ ಕೀಳಿಸಿ ಹೊರಗೆ ಹಾಕಿಸಿ.

ಪ್ರಶ್ನೆ: ಮಗಳು 8ನೇ ತರಗತಿ. ಖೋ-ಖೋದಾಗ ತಾಲೂಕು ಗೆದ್ದು ಜಿಲ್ಲೆಗೆ ಹೊಂಟಾಳ. ಖೇಲೋ ಇಂಡಿಯಾದಾಗ ವರ್ಷಕ್ಕ 5 ಲಕ್ಷ ಕೊಡ್ತಾರಂತ, ಖರೇನ್ರಿ?
— ತಾಯಿ, ಹಳೇ ಹುಬ್ಬಳ್ಳಿ

ಅರ್ಧ ಖರೆ. ರಾಷ್ಟ್ರಮಟ್ಟದಲ್ಲಿ ಆಯ್ಕೆಯಾದ ಕ್ರೀಡಾಪಟುವಿಗೆ ವರ್ಷಕ್ಕೆ 6.28 ಲಕ್ಷದ ನೆರವು ಎಂದು ಯೋಜನೆಯಲ್ಲಿದೆ. ಆದರೆ ಅದರಲ್ಲಿ ಹೆಚ್ಚಿನ ಪಾಲು ತರಬೇತಿ, ವಸತಿ, ಊಟ, ಸಲಕರಣೆಗೆ. ಕೈಖರ್ಚಿಗೆ ಬರುವುದು ತಿಂಗಳಿಗೆ 10,000. ಜಿಲ್ಲೆ ಗೆದ್ದ ಕೂಡಲೇ ಅದು ಸಿಗದು. ಜಿಲ್ಲೆಯ ನಂತರ ವಿಭಾಗ, ರಾಜ್ಯ, ಆಮೇಲೆ ರಾಷ್ಟ್ರ. ಅಷ್ಟು ದೂರದ ಲೆಕ್ಕ ಈಗಲೇ ಬೇಡ.

ಈಗ ಮಾಡಬೇಕಾದದ್ದು ಕಾಗದದ ಕೆಲಸ. ಜನನ ಪ್ರಮಾಣ ಪತ್ರ, ಶಾಲಾ ದಾಖಲಾತಿ, ಆಧಾರ್ ಮೂರರಲ್ಲೂ ಹುಟ್ಟಿದ ದಿನಾಂಕ ಒಂದೇ ಇದೆಯೇ ನೋಡಿ. ಶಾಲೆಗೆ ಸೇರಿಸುವಾಗ ಮಾಸ್ತರರು ಅಂದಾಜಿಗೆ ಜೂನ್ 1 ಎಂದು ಬರೆದ ಮಕ್ಕಳು ನಮ್ಮ ಕಡೆ ಬಹಳ. ಶಾಲಾ ಕ್ರೀಡೆಯಲ್ಲಿ 14, 17, 19 ವರ್ಷದೊಳಗಿನ ಗುಂಪುಗಳಿವೆ; ದಿನಾಂಕ ಹೊಂದದಿದ್ದರೆ ಗೆದ್ದ ಮೇಲೂ ತಕರಾರು ಬರುತ್ತದೆ. ಪ್ರತಿ ಹಂತದ ಪ್ರಮಾಣ ಪತ್ರದ ಜೆರಾಕ್ಸ್ ಇಟ್ಟುಕೊಳ್ಳಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ನಿಲಯಗಳ ಆಯ್ಕೆಯ ಬಗ್ಗೆ ಜಿಲ್ಲಾ ಕಚೇರಿಯಲ್ಲಿ ಕೇಳಿ. ಧಾರವಾಡದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತಿ ಕೇಂದ್ರವೂ ಇದೆ, ಅಲ್ಲಿ ಯಾವ ಆಟಕ್ಕೆ ತರಬೇತಿ ಎಂದು ವಿಚಾರಿಸಿಯೇ ಹೋಗಿ.

ಸವೆದ ಅಡಿಯ ಬೂಟು ಹಾಕಿಸಬೇಡಿ, ಕಂಬದ ಬಳಿ ತಿರುಗುವಾಗ ಹರಡು ಉಳುಕುವುದು ಅದರಿಂದಲೇ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆ ನುಂಗುತ್ತಾಳೋ ಬಿಸಾಡುತ್ತಾಳೋ ಕೇಳಿ. ರಕ್ತ ಕಡಿಮೆ ಇದ್ದ ಹುಡುಗಿ ಎರಡನೇ ಪಾಳಿಯಲ್ಲಿ ಸೋಲುತ್ತಾಳೆ.

ಪ್ರಶ್ನೆ: ಫಿಟ್ ಇಂಡಿಯಾ ಶಾಲೆಯ ಧ್ವಜಕ್ಕೆ ಅರ್ಜಿ ಹಾಕಬಹುದೇ?
— ಅನುದಾನಿತ ಪ್ರೌಢಶಾಲೆ, ಧಾರವಾಡ

ಮೊದಲ ಹಂತದ ಧ್ವಜಕ್ಕೆ ಬೇಕಾದದ್ದು: ದೈಹಿಕ ಶಿಕ್ಷಣದಲ್ಲಿ ತರಬೇತಿ ಪಡೆದ ಒಬ್ಬ ಶಿಕ್ಷಕರು, ಕನಿಷ್ಠ ಎರಡು ಹೊರಾಂಗಣ ಆಟಕ್ಕೆ ಮೈದಾನ, ಪ್ರತಿ ವಿಭಾಗಕ್ಕೂ ದಿನಕ್ಕೊಂದು ಆಟದ ಪೀರಿಯಡ್, ಪ್ರತಿ ಮಗುವಿಗೂ ದಿನಕ್ಕೆ 60 ನಿಮಿಷದ ಚಟುವಟಿಕೆ. ಶಾಲೆ ತಾನೇ ಘೋಷಿಸಿಕೊಳ್ಳುವ ವ್ಯವಸ್ಥೆ ಇದು, ಅದಕ್ಕೇ ಸುಲಭ, ಅದಕ್ಕೇ ಕಷ್ಟ. ನಿಮ್ಮ 10ನೇ ತರಗತಿಯ ವೇಳಾಪಟ್ಟಿ ತೆಗೆದು ದಸರಾ ರಜೆಯ ನಂತರ ಆಟದ ಪೀರಿಯಡ್ಡಿನಲ್ಲಿ ಗಣಿತ ನಡೆಯುತ್ತಿದೆಯೇ ನೋಡಿ. ನಡೆಯುತ್ತಿದ್ದರೆ ಮೊದಲು ಅದನ್ನು ಬಿಡಿಸಿ, ಒಂದು ಅವಧಿ ಪೂರ್ತಿ ನಡೆಸಿ ಆಮೇಲೆ ಅರ್ಜಿ ಹಾಕಿ.