ಪ್ರತಿಕ್ರಿಯೆ: ಪ್ಲಾಂಟ್ ಕೆಲಸ ಬಿಟ್ಟು ಹಿಂದುಸ್ತಾನಿ ಗಾಯನಕ್ಕೆ ಇಳಿಯಲೇ?

ಕಾರ್ಖಾನೆ ಕೆಲಸದಿಂದ ರಿಯಾಜ್ (ದಿನನಿತ್ಯದ ಹಾಡಿನ ಅಭ್ಯಾಸ) ಕೆಡುತ್ತಿದೆ, ನೌಕರಿ ಬಿಡಲೇ ಅಂತ ಕೇಳಿದ್ದೀರಿ. ನಿಮ್ಮ ರಿಯಾಜ್ ಕೆಡಿಸುತ್ತಿರುವುದು ನೌಕರಿಯಲ್ಲ, ಬದಲಾಗುವ ಶಿಫ್ಟು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಖರಜ (ಕೆಳಸ್ವರಗಳ ಅಭ್ಯಾಸ) ಹಿಡಿದರೆ ಮಂದ್ರ ಷಡ್ಜ, ಅಂದರೆ ಕೆಳಗಿನ ‘ಸ’, ನಿಲ್ಲುವುದಿಲ್ಲ. ಗಂಟಲಲ್ಲಿ ಧೂಳು, ಕಣ್ಣಲ್ಲಿ ನಿದ್ದೆ. ನಾನೂ ಅಲ್ಲಿಂದಲೇ ಹೊರಬಂದವನು. ಮೊದಲು ಜನರಲ್ ಶಿಫ್ಟ್ (ಹಗಲಿನ ಕಾಯಂ ಪಾಳಿ) ಕೇಳಿ, ಕೆಲ ತಿಂಗಳು ಬೆಳಗಿನ ಜಾವ ಒಂದೇ ಹೊತ್ತಿಗೆ ತಂಬೂರಿ ಹಿಡಿದು ಕೂತು ನೋಡಿ.

ಸರ್ವೀಸು ನಾಲ್ಕೂವರೆ ವರ್ಷ ಅಂದಿರಿ. ಹಾಗಿದ್ದರೆ ಈಗಲೇ ರಾಜೀನಾಮೆ ಬೇಡವೇ ಬೇಡ. ಕಾಯಂ ನೌಕರರಿಗೆ 5 ವರ್ಷ ತುಂಬಿದರೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು, ಸಿಗುತ್ತದೆ. ಅದಕ್ಕೂ ಮುಂಚೆ ಪಿಎಫ್ ತೆಗೆದರೆ ತೆರಿಗೆಯೂ ಬೀಳಬಹುದು.

ಆಮೇಲೆ ದುಡಿಮೆಯ ಲೆಕ್ಕ. ಆಷಾಢದಲ್ಲಿ ಮದುವೆಯಿಲ್ಲ, ಹಾಡುವವರ ಕೈ ಖಾಲಿ. ಶ್ರಾವಣದಲ್ಲಿ ನಮ್ಮ ಕಡೆ ಮಠಗಳ ಪುರಾಣ ಪ್ರವಚನಕ್ಕೆ ಗವಾಯಿ (ಹಾಡುಗಾರ), ತಬಲಾದವರು ದಿನಾ ಬೇಕು. ರಜೆ ಉಳಿಸಿಕೊಂಡು ಒಂದು ಶ್ರಾವಣ ಪೂರ್ತಿ ಹಾಡಿ. ಪ್ರವಚನಕಾರರು ಕಣ್ಸನ್ನೆ ಮಾಡಿದ ಕೂಡಲೇ ಅದೇ ಶ್ರುತಿಯಲ್ಲಿ ವಚನ ಎತ್ತಬೇಕು, ಅದೂ ಮೈಕು ಕಿರುಗುಟ್ಟುತ್ತಿರುವಾಗ. ದನಿ ತಡೆಯುತ್ತದೋ ಇಲ್ಲವೋ ಅಲ್ಲೇ ತಿಳಿಯುತ್ತದೆ.

ನಿಮ್ಮ ಕಂಠ ಕೇಳದೆ ‘ನೌಕರಿ ಬಿಡಿ’ ಅಂತ ನಾನು ಹೇಳಲಾರೆ, ಅದನ್ನು ಗುರುಗಳೇ ಹೇಳಬೇಕು. ಗದಗ ತೋರಣಗಲ್ಲಿನ ರೈಲು ಹಾದಿಯಲ್ಲೇ ಇದೆ. ಅಲ್ಲಿ ಸಂಗೀತ ಕಲಿಸಿದ ಪುಟ್ಟರಾಜ ಗವಾಯಿಗಳ ಪರಂಪರೆಯವರೊಬ್ಬರನ್ನು ಹುಡುಕಿ, ಭಾನುವಾರ ಹೋಗಿ ಹಾಡಿ ತೋರಿಸಿ.