ಲ್ಯಾಬಿನ ಒಂದು ಅಂಕಿ, ಒಬ್ಬ ನರ್ಸಿನ ಲೈಸೆನ್ಸ್

ಅಮೆರಿಕದಲ್ಲಿ ನರ್ಸ್ ಆಗಿರುವ ಮಂಗಳೂರಿನ ಓದುಗರಿಗೆ ನಮಸ್ಕಾರ.

ಕುಡಿತ ಬಿಟ್ಟು ಒಂದೂವರೆ ವರ್ಷವಾಗಿರುವ ನಿಮ್ಮ ಸಹೋದ್ಯೋಗಿ ಲೈಸೆನ್ಸ್ ಕೊಡುವ ನರ್ಸಿಂಗ್ ಬೋರ್ಡಿನ ನಿಗಾ ಕಾರ್ಯಕ್ರಮದಲ್ಲಿದ್ದಾರೆ. ಈ ಸಲದ ಮೂತ್ರ ಪರೀಕ್ಷೆ ‘ಪಾಸಿಟಿವ್’ ಬಂದಿದೆ. ದಿನವಿಡೀ ಕೈ ಶುಚಿಗೆ ಆಲ್ಕೋಹಾಲ್ ಇರುವ ಹ್ಯಾಂಡ್ ರಬ್ ಹಚ್ಚಿದ್ದಕ್ಕೇ ಹೀಗಾಯಿತು ಎಂದರೆ ಯಾರೂ ಕೇಳುತ್ತಿಲ್ಲ. ‘ಇದು ಚಿಕಿತ್ಸೆಯೋ, ಶಿಕ್ಷೆಯೋ?’ ಎಂದು ಬರೆದಿದ್ದೀರಿ.

ನಿಗಾ ಬೇಡವೆಂದು ನಾನು ಹೇಳಲಾರೆ. ಆಪರೇಷನ್ ಆದ ರೋಗಿಗೆ ಸಲ್ಲಬೇಕಾದ ಫೆಂಟನಿಲ್ ಎಂಬ ಅಮಲಿನ ನೋವುನಿವಾರಕ ವ್ಯಸನಿ ನರ್ಸಿನ ಪಾಲಾದರೆ ನೋವಿನಲ್ಲಿ ನರಳುವುದು ಆ ರೋಗಿ. ಹಿಂದೆ ಸಿಕ್ಕಿಬಿದ್ದವರ ಲೈಸೆನ್ಸನ್ನೇ ಕಿತ್ತುಕೊಳ್ಳುತ್ತಿದ್ದರು. ಅದರ ಬದಲು ಚಿಕಿತ್ಸೆ ಕೊಡಿಸಿ, ಕಣ್ಣಿಟ್ಟು, ಕೆಲಸಕ್ಕೆ ಮರಳಿಸುವ ದಾರಿಯನ್ನು ಫ್ಲಾರಿಡಾ 1983ರಲ್ಲಿ ತೆರೆಯಿತು. ಅದು ಮನುಷ್ಯತ್ವದ ಹೆಜ್ಜೆಯೇ.

ಆದರೆ ನಿಮ್ಮ ಗೆಳತಿಯ ಪ್ರಕರಣದಲ್ಲಿ ನನ್ನನ್ನು ಕಾಡುವುದು ಆ ಪರೀಕ್ಷೆ. ಇಟಿಜಿ ಎಂಬ ಈ ಪರೀಕ್ಷೆ ಮೂತ್ರದಲ್ಲಿ ಮದ್ಯವನ್ನು ಹುಡುಕುವುದಿಲ್ಲ, ಮದ್ಯ ದೇಹದಲ್ಲಿ ಕರಗಿದ ಮೇಲೆ ಉಳಿಯುವ ಕುರುಹನ್ನು ಹುಡುಕುತ್ತದೆ. ಎರಡು ಮೂರು ದಿನ ಹಿಂದಿನದನ್ನೂ ಹಿಡಿಯುವಷ್ಟು ಸೂಕ್ಷ್ಮ. ಆ ಸೂಕ್ಷ್ಮತೆಯೇ ತೊಡಕು. ಮೌತ್‌ವಾಶ್, ಕೆಮ್ಮಿನ ಸಿರಪ್, ಹ್ಯಾಂಡ್ ರಬ್ ಹಚ್ಚುವಾಗ ಉಸಿರಿನಲ್ಲಿ ಒಳಹೋಗುವ ಆವಿ, ಇವೂ ಕುರುಹು ಬಿಡಬಲ್ಲವು. ವ್ಯಸನ, ಮಾನಸಿಕ ಆರೋಗ್ಯದ ವಿಷಯ ನೋಡಿಕೊಳ್ಳುವ, ಅಮೆರಿಕ ಸರ್ಕಾರದ್ದೇ ಆದ ಸ್ಯಾಮ್ಸಾ ಸಂಸ್ಥೆ, ಇಟಿಜಿ ಒಂದನ್ನೇ ನಂಬಿ ಯಾರ ಮೇಲೂ ಕ್ರಮ ಕೈಗೊಳ್ಳುವುದು ವೈಜ್ಞಾನಿಕವಲ್ಲವೆಂದು 2006ರಲ್ಲೇ ಎಚ್ಚರಿಸಿತ್ತು. ಹೀಗಿದ್ದೂ ‘ಆಲ್ಕೋಹಾಲ್ ಇರುವ ಯಾವುದನ್ನೂ ಬಳಸುವುದಿಲ್ಲ’ ಎಂದು ನರ್ಸ್‌ಗಳಿಂದ ಸಹಿ ಹಾಕಿಸಿಕೊಳ್ಳುತ್ತಾರೆ. ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿ ಹೋಗುವ ಮುನ್ನ ಕೈ ಶುಚಿಮಾಡಿಕೊಳ್ಳದಿದ್ದರೆ ಅದೇ ನರ್ಸ್ ಅಲ್ಲಿ ತಪ್ಪಿತಸ್ಥೆ! ಪ್ರತಿ ಸಲವೂ ಸೋಪು, ನೀರಿಗೆ ಓಡಲು ತುಂಬಿದ ವಾರ್ಡಿನಲ್ಲಿ ಬಿಡುವೆಲ್ಲಿ?

ನಿಗಾ ಕಾರ್ಯಕ್ರಮಕ್ಕೆ ಸೇರುವುದು ಅವರವರ ಇಷ್ಟ ಎನ್ನುತ್ತಾರೆ. ಒಲ್ಲೆನೆಂದರೆ ಬೋರ್ಡಿನ ಶಿಸ್ತುಕ್ರಮ ಎದುರಾಗುವಾಗ ಅದನ್ನು ಇಷ್ಟ ಎಂದು ಕರೆಯಲು ನನಗೆ ಮನಸ್ಸಿಲ್ಲ. ಮೂರರಿಂದ ಐದು ವರ್ಷ ಪ್ರತಿ ಬೆಳಿಗ್ಗೆ ‘ಇವತ್ತು ಪರೀಕ್ಷೆಗೆ ನನ್ನ ಸರದಿಯೇ?’ ಎಂದು ಆ್ಯಪ್ ನೋಡಬೇಕು. ಪರೀಕ್ಷೆಯ ಖರ್ಚು ಸಾಮಾನ್ಯವಾಗಿ ನರ್ಸಿನ ಕೈಯಿಂದಲೇ. ಅದೂ ನೈಟ್ ಶಿಫ್ಟ್, ಓವರ್‌ಟೈಮ್ ಎರಡಕ್ಕೂ ತಡೆಬಿದ್ದು ಸಂಬಳ ಇಳಿದಿರುವ ಹೊತ್ತಿನಲ್ಲಿ. ಇಂಡಿಯಾನಾ ರಾಜ್ಯದಲ್ಲಂತೂ ಅಫೀಮು ವರ್ಗದ ವ್ಯಸನಕ್ಕೆ ವೈದ್ಯರೇ ಬರೆದುಕೊಟ್ಟ ಔಷಧ ತೆಗೆದುಕೊಳ್ಳುತ್ತಿದ್ದ ನರ್ಸ್‌ಗೆ ಇಂಥ ಕಾರ್ಯಕ್ರಮದ ಬಾಗಿಲೇ ಮುಚ್ಚಿತ್ತು. ಅದು ಅಂಗವಿಕಲರ ಹಕ್ಕಿನ ಕಾನೂನಿಗೆ ವಿರುದ್ಧವೆಂದು ಅಮೆರಿಕದ ನ್ಯಾಯ ಇಲಾಖೆ 2022ರ ಮಾರ್ಚ್‌ನಲ್ಲಿ ಹೇಳಿತು. ಮದ್ದು ತೆಗೆದುಕೊಂಡದ್ದೇ ಅಪರಾಧವಾದರೆ ರೋಗಿ ಗುಣವಾಗುವುದು ಹೇಗೆ?

ಈಗ ನಿಮ್ಮ ಗೆಳತಿಯ ಮಾತು. ‘ಪಾಸಿಟಿವ್’ ಎಂಬ ಪದಕ್ಕೆ ತೃಪ್ತರಾಗದೆ, ಲ್ಯಾಬಿನ ವರದಿಯನ್ನು ಅಂಕಿ ಸಮೇತ ಬರಹದಲ್ಲಿ ಕೇಳಲಿ. ಮೂತ್ರದ ಪ್ರತಿ ಮಿಲಿಲೀಟರಿಗೆ ಆ ಕುರುಹು ನೂರು ನ್ಯಾನೊಗ್ರಾಂ ದಾಟಿದ್ದಕ್ಕೂ ಸಾವಿರಗಟ್ಟಲೆ ಬಂದದ್ದಕ್ಕೂ ಬಹಳ ವ್ಯತ್ಯಾಸವಿದೆ. ಉಳಿದ ಮಾದರಿಯನ್ನು ಬೇರೆ ಲ್ಯಾಬಿನಲ್ಲಿ ಪರೀಕ್ಷಿಸಲು ಅವಕಾಶವಿದೆಯೇ ಎಂದು ವಿಚಾರಿಸಲಿ. ಪೆಥ್ ಎಂಬ ರಕ್ತಪರೀಕ್ಷೆ ಕೆಲವು ವಾರಗಳ ಹಿಂದಿನ ಕುಡಿತವನ್ನೂ ತೋರಿಸಬಲ್ಲದು. ದಿನ ಕಳೆದಷ್ಟೂ ಅದರ ಸಾಕ್ಷ್ಯ ಮಸುಕಾಗುವುದರಿಂದ ಇದೇ ವಾರ ಮಾಡಿಸಲಿ. ಬೋರ್ಡಿನ ಪ್ರಕರಣಗಳನ್ನು ನಡೆಸುವ ವಕೀಲರನ್ನು ಕಾಣುವವರೆಗೆ ‘ಹೌದು, ಮತ್ತೆ ಕುಡಿದೆ’ ಎಂಬರ್ಥದ ಯಾವ ಕಾಗದಕ್ಕೂ ಸಹಿ ಹಾಕದಿರಲಿ.